ಶುಕ್ರವಾರದ ತನಕ ಕಾಯಲಿಲ್ಲ

ನಾನು ನರ್ಸ್ ತರಬೇತಿಗೆ ಸೇರಿದ ವಿಷಯ ನನ್ನ ಅಣ್ಣನಿಗೆ ಎರಡು ವರ್ಷ ಗೊತ್ತೇ ಇರಲಿಲ್ಲ. ಅವನು ಗಲ್ಫಿನಲ್ಲಿ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ. ನಮ್ಮ ಮನೆ ಮೂಡುಬಿದಿರೆ ಪೇಟೆಯಿಂದ ಆಚೆ, ಫೋನಿನ ತಂತಿ ಇನ್ನೂ ಬಾರದ ಕಡೆ. ತಿಂಗಳಿಗೊಮ್ಮೆ ಅವನು ಪೇಟೆಯ ಜವಳಿ ಅಂಗಡಿಗೆ ಫೋನ್ ಮಾಡುತ್ತಿದ್ದ. ಅಮ್ಮ ನೆಂಟರ ಮನೆಗೆ ಹೊರಟವರ ಹಾಗೆ ಒಳ್ಳೆಯ ಸೀರೆ ಉಟ್ಟು ಹೋಗಿ ಮಾತಾಡಿ ಬರುತ್ತಿದ್ದರು. ತಂಗಿ ಎಂತ ಮಾಡ್ತಾಳೆ ಎಂದು ಅವನು ಕೇಳಿದರೆ, ಟೈಲರಿಂಗ್ ಕಲಿಯುತ್ತಿದ್ದಾಳೆ ಎಂದು ಉತ್ತರ. ಕಂಡವರ ಮೈ ಮುಟ್ಟುವ ಕೆಲಸಕ್ಕೆ ಮಗಳು ಸೇರಿದ್ದಾಳೆ ಎಂದರೆ ಅವನಿಗೆ ಅಲ್ಲಿ ಅನ್ನ ಸೇರುವುದಿಲ್ಲ ಎಂಬುದು ಅಮ್ಮನ ಹೆದರಿಕೆ.

ಅವನು ರಜೆಯಲ್ಲಿ ಬಂದಾಗ ನನಗೆಂದು ಒಂದು ದೊಡ್ಡ ಕತ್ತರಿ ತಂದಿದ್ದ. ಅಮ್ಮ ನೆಲ ನೋಡಿದರು. ನಾನು ನೋಡಲಿಲ್ಲ. "ಅಣ್ಣ, ನಾನು ಕತ್ತರಿಸುವುದು ರವಿಕೆ ಬಟ್ಟೆ ಅಲ್ಲ, ಬ್ಯಾಂಡೇಜು" ಎಂದು ಅಲ್ಲೇ ಹೇಳಿಬಿಟ್ಟೆ. ಅವನು ಕತ್ತರಿಯನ್ನು ನನ್ನ ಕೈಗಿಟ್ಟು, "ಕತ್ತರಿ ಅದಕ್ಕೂ ಬೇಕಲ್ಲ ಮಾರಾಯ್ತಿ" ಎಂದ. ಅಷ್ಟೇ. ಎರಡು ವರ್ಷ ಅಮ್ಮ ಒಲೆಯ ಮುಂದೆ ಕೂತು ಹೆದರಿದ್ದು ಈ ಒಂದು ಮಾತಿಗೆ. "ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ" ಎಂದು ಅಮ್ಮ ನನಗೆ ಯಾವಾಗಲೂ ಹೇಳುತ್ತಿದ್ದರು. ಆ ಕತ್ತರಿ ಸರ್ವಿಸಿನ ಕೊನೆಯ ತನಕ ನನ್ನ ಚೀಲದಲ್ಲಿತ್ತು.

ಇದನ್ನು ಮೊದಲೇ ಬರೆಯಲು ಕಾರಣವಿದೆ. ಮುಂದೆ ಹೇಳುವುದು ಒಂದು ಬ್ಯಾರಿ ಮನೆಯ, ಅಂದರೆ ನಮ್ಮ ಕಡೆಯ ಮುಸ್ಲಿಮರ ಮನೆಯ ವಿಷಯ. ಓದಿದವರು, ಓಹೋ ಅವರಲ್ಲಿ ಹಾಗೆ ಎಂದು ಮೂಗು ಮುರಿಯಬಾರದು. ನಮ್ಮಲ್ಲೂ ಹಾಗೆಯೇ. ಕಡಲು ದಾಟಿದ ಗಂಡಸರಿಗೆ ನಮ್ಮ ಕಡೆಯಿಂದ ಹೋಗುತ್ತಿದ್ದದ್ದು ಒಂದೇ ಸುದ್ದಿ, ಎಲ್ಲ ಸುಖ. ಹಾಲು ಕರೆಯುವ ಎಮ್ಮೆ ಸತ್ತರೂ ಸುಖ, ಅಜ್ಜಿ ಜಾರಿ ಬಿದ್ದು ಸೊಂಟ ಮುರಿದರೂ ಸುಖ. ದೂರದಲ್ಲಿರುವವನು ಕೇಳಿ ಮಾಡುವುದೇನು, ಸುಮ್ಮನೆ ಕೊರಗುತ್ತಾನೆ ಎಂದು ಎಲ್ಲರ ಸಮಾಧಾನ. ಅದನ್ನು ಪ್ರೀತಿ ಎಂದು ಕರೆಯುತ್ತಾರೆ. ಇರಬಹುದು.

ತೊಂಬತ್ತರ ದಶಕದಲ್ಲಿ ನನ್ನನ್ನು ಹಾಕಿದ್ದು ಬೆಳ್ತಂಗಡಿ ತಾಲೂಕಿನ ಒಂದು ಉಪಕೇಂದ್ರಕ್ಕೆ. ಉಪಕೇಂದ್ರವೆಂದರೆ ಒಂದು ಕೋಣೆ, ಒಂದು ಮೇಜು, ಹೆರಿಗೆಗೆಂದು ಕೊಟ್ಟು ಯಾರೂ ಮಲಗದ ಒಂದು ಮಂಚ. ಡಾಕ್ಟರು ಇರುವುದು ಬಸ್ಸು ಹಿಡಿದು ಹೋಗಬೇಕಾದ ಆಸ್ಪತ್ರೆಯಲ್ಲಿ. ಗುರುವಾರ ಐಸ್ ತುಂಬಿದ ಡಬ್ಬಿ ಹೆಗಲಿಗೆ ಹಾಕಿ ಮಕ್ಕಳಿಗೆ ಸೂಜಿ ಚುಚ್ಚುವುದು, ಉಳಿದ ದಿನ ಗುಡ್ಡ ಹತ್ತಿ ಇಳಿದು ಮನೆಮನೆ ತಿರುಗಿ ಬಸುರಿಯರನ್ನು ನೋಡುವುದು. ನನ್ನನ್ನು ಕಂಡರೆ ಮಕ್ಕಳು ಓಡುತ್ತಿದ್ದವು, ನಾಯಿಗಳು ಅಟ್ಟಿಸಿಕೊಂಡು ಬರುತ್ತಿದ್ದವು, ದೊಡ್ಡವರು ಮಜ್ಜಿಗೆ ಕೊಡುತ್ತಿದ್ದರು. ಅಲ್ಲಿ ನಾವು ಮಾತಾಡುತ್ತಿದ್ದದ್ದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೇ ವ್ಯತ್ಯಾಸ.

ಹೋದ ಹೊಸತರಲ್ಲೇ ನನಗೆ ಒಂದು ಮಾತು ಮತ್ತೆ ಮತ್ತೆ ಕೇಳತೊಡಗಿತು. "ಶುಕ್ರವಾರ ಆಗಲಿ ಸಿಸ್ಟರೇ." ಆಸ್ಪತ್ರೆಗೆ ಹೋಗಿ ತೋರಿಸಿ ಎಂದರೆ ಶುಕ್ರವಾರ ಆಗಲಿ. ರಕ್ತ ಕಡಿಮೆ ಉಂಟು, ಬಾಟ್ಲಿ ಹಾಕಿಸಬೇಕು ಎಂದರೆ ಶುಕ್ರವಾರ ಆಗಲಿ. ಗಲ್ಫಿನಲ್ಲಿ ರಜೆ ಶುಕ್ರವಾರ. ಅಲ್ಲಿನ ಗಂಡಸರು ಕಂಪೆನಿಯ ರೂಮಿನಿಂದ ಹೊರಗೆ ಹೋಗಿ, ಬೂತಿನ ಮುಂದೆ ಸಾಲು ನಿಂತು ಊರಿಗೆ ಫೋನ್ ಮಾಡುವ ದಿನ. ಊರಿನಿಂದ ಅವರಿಗೆ ಮಾಡಲು ನಂಬರೇ ಇಲ್ಲ. ಹಾಗಾಗಿ ದೊಡ್ಡ ತೀರ್ಮಾನಗಳೆಲ್ಲ ಶುಕ್ರವಾರದ ಮಧ್ಯಾಹ್ನದ ತನಕ ಕಾಯಬೇಕು. ನಾನು ಬರುವ ಹಿಂದಿನ ವರ್ಷ ಅದೇ ಊರಿನ ಒಂದು ಒಕ್ಕಲು ಮನೆಯ ಸೊಸೆ, ಸೋಮವಾರ ನೋವು ಶುರುವಾದವಳು, ಹಾಗೆ ಕಾದು ಗುರುವಾರ ಸತ್ತಿದ್ದಳು. ಅವಳ ಗಂಡ ಮರುದಿನ ಫೋನ್ ಮಾಡಿದಾಗ ಏನು ಹೇಳಿದರು ಎಂದು ಕೇಳುವ ಧೈರ್ಯ ನನಗೆ ಆಗಲಿಲ್ಲ. ಆದರೆ ಇನ್ನೊಬ್ಬಳನ್ನು ಹಾಗೆ ಕಾಯಲು ಬಿಡಬಾರದು ಎಂದು ಮನಸ್ಸಿನಲ್ಲಿ ಕೂತುಬಿಟ್ಟಿತು.

ನಾನು ಹೇಳಹೊರಟ ಬ್ಯಾರಿ ಮನೆಯ ಹುಡುಗಿಗೆ ಇಪ್ಪತ್ತು ದಾಟಿತ್ತು. ಮೊದಲ ಬಸುರು. ಮದುವೆಯಾದ ಮೇಲೆ ಗಂಡ ಎರಡು ತಿಂಗಳು ಊರಲ್ಲಿದ್ದು ವಾಪಸು ಹೋಗಿದ್ದ. ಚೊಚ್ಚಲ ಹೆರಿಗೆ ತಾಯಿಮನೆಯದ್ದಲ್ಲವೇ, ಹಾಗಾಗಿ ಉಮ್ಮನ ಮನೆಗೆ ಬಂದಿದ್ದಳು. ಅಪ್ಪ ಮೊದಲೇ ತೀರಿಕೊಂಡಿದ್ದರು. ಗಂಡನ ಮನೆಯೂ ಅದೇ ಊರು, ನಡುವೆ ಹರಿಯುವ ಒಂದು ತೋಡು, ಅದನ್ನು ದಾಟಲು ಒಂದು ಮರದ ಸಂಕ. ಫೋನು ಇದ್ದದ್ದು ಸಂಕದ ಆಚೆ, ಮಾಮಿಯ ಮನೆಯಲ್ಲಿ. ಮಾಮಿ ಎಂದರೆ ಅವಳ ಅತ್ತೆ. ಇಡೀ ಊರು ಅವರನ್ನು ಮಾಮಿ ಎಂದೇ ಕರೆಯುತ್ತಿತ್ತು, ನಾನೂ ಕೂಡ.

ಎಂಟನೇ ತಿಂಗಳಲ್ಲಿ ಹುಡುಗಿಯ ಕಾಲು ಬಾತಿತು. ಬಸುರಿಯ ಕಾಲು ಬಾಯದೆ ಮತ್ತೇನು ಎಂದರು ಉಮ್ಮ. ಮುಖವೂ ಸ್ವಲ್ಪ ಊದಿದ ಹಾಗೆ ನನಗೆ ಕಂಡಿತು. ಬಿಪಿ ನೋಡಿದೆ, ಏರಿತ್ತು. ಮೂತ್ರವನ್ನು ಗಾಜಿನ ಕೊಳವೆಯಲ್ಲಿ ಹಿಡಿದು ಸ್ಪಿರಿಟ್ ದೀಪದ ಮೇಲೆ ಕಾಯಿಸಿದೆ. ತಿಳಿಯಾಗಿ ಉಳಿಯಬೇಕಾದದ್ದು ಮೊಟ್ಟೆಯ ಬಿಳಿಯ ಹಾಗೆ ಗಟ್ಟಿ ಕಟ್ಟಿತು. ಇದು ತಾಯಿಗೆ ಫಿಟ್ಸ್ ತರುವ ಕಾಯಿಲೆ, ತಾಯಿ ಮಗು ಇಬ್ಬರನ್ನೂ ಕೊಂಡುಹೋಗುವಂಥದ್ದು, ಬೆಳ್ತಂಗಡಿಗೆ ಹೋಗಿ ಡಾಕ್ಟರಿಗೆ ತೋರಿಸಲೇಬೇಕು ಎಂದೆ.

"ನಾನು ಹೇಗೆ ಕಳಿಸುವುದು ಸಿಸ್ಟರೇ? ಅವಳು ಈಗ ಅವರ ಮನೆಯವಳು. ಅವರನ್ನು ಕೇಳಿ" ಎಂದರು ಉಮ್ಮ.

ಸಂಕ ದಾಟಿ ಹೋಗಿ ಕೇಳಿದೆ. "ಚೊಚ್ಚಲು ತಾಯಿಮನೆಯದ್ದಲ್ವಾ? ನಾನು ನಡುವೆ ಬಾಯಿ ಹಾಕಿದರೆ ಅವರಿಗೆ ಬೇಜಾರಾದೀತು. ಶುಕ್ರವಾರ ಅವನು ಫೋನ್ ಮಾಡ್ತಾನೆ. ಅವನು ಹೇಳಿದ ಹಾಗೆ ಮಾಡುವ" ಎಂದರು ಮಾಮಿ.

ಇಬ್ಬರೂ ಕೆಟ್ಟವರಲ್ಲ. ಇಬ್ಬರಿಗೂ ಒಂದೇ ಭಯ, ಆಪರೇಷನ್ ಗೀಪರೇಷನ್ ಆಗಿ ಏನಾದರೂ ಹೆಚ್ಚುಕಮ್ಮಿಯಾದರೆ ಯಾರು ಕಳಿಸಿದ್ದು ಎಂಬ ಪ್ರಶ್ನೆ ತನ್ನ ಮನೆಯ ಬಾಗಿಲಿಗೆ ಬರಬಾರದು. ಹಾಗಾಗಿ ತೋಡಿನ ಆ ದಡದವರು ಈ ದಡಕ್ಕೆ, ಈ ದಡದವರು ಆ ದಡಕ್ಕೆ ಕೈ ತೋರಿಸುತ್ತಿದ್ದರು. ನಡುವೆ ಹುಡುಗಿಯ ಮುಖ ಊದುತ್ತಿತ್ತು.

ಆಯಿತು, ಶುಕ್ರವಾರಕ್ಕೆ ಇನ್ನೊಂದೇ ದಿನ, ಫೋನ್ ಬರುವಾಗ ನಾನೂ ಇರುತ್ತೇನೆ ಎಂದೆ. ಹೋದೆ. ಚಾವಡಿಯಲ್ಲಿ ಕಸೂತಿ ಬಟ್ಟೆ ಹೊದ್ದು ಫೋನು ಕೂತಿತ್ತು, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವು. ಸುತ್ತ ಮಾಮಿ, ಉಮ್ಮ, ಅಕ್ಕಪಕ್ಕದ ಹೆಂಗಸರು, ಗೋಡೆಗೆ ಒರಗಿ ಹುಡುಗಿ. ಜುಮ್ಮಾ ನಮಾಜು ಮುಗಿದು ಊಟದ ಹೊತ್ತಿಗೆ ಗಂಟೆ ಹೊಡೆಯಿತು. ಮಾಮಿ ತಲೆಯ ವಸ್ತ್ರ ಸರಿಮಾಡಿಕೊಂಡು ರಿಸೀವರ್ ಎತ್ತಿದರು.

"ಸುಖ ಮಗಾ, ಸುಖ. ಎಲ್ಲರೂ ಸುಖ. ಅವಳಾ? ಅವಳಿಗೆ ಎಂತ, ಸುಖ."

ಉಮ್ಮನ ಕೈಗೆ ಹೋಯಿತು. "ಸುಖ ಮಗಾ." ಹುಡುಗಿಯ ಕೈಗೆ ಹೋಯಿತು. ಅಷ್ಟು ಜನರ ಮುಂದೆ ಅವಳು ಗೋಡೆ ನೋಡುತ್ತಾ ಹ್ಞೂಂ ಹ್ಞೂಂ ಎಂದಳು, ಕೊನೆಗೆ ಸುಖ ಎಂದಳು. ಅವನ ಫೋನ್ ಕಾರ್ಡು ಮುಗಿದು ಲೈನ್ ಕಟ್ಟಾಯಿತು. ಮಾಮಿ ಫೋನಿಗೆ ಬಟ್ಟೆ ಹೊದಿಸಿದರು.

"ಬಿಪಿ ವಿಷಯ ಹೇಳ್ಲೇ ಇಲ್ಲವಲ್ಲ ಮಾಮಿ?" ಎಂದೆ.

"ಫೋನಿನಲ್ಲಿ ಅದನ್ನೆಲ್ಲ ಹೇಳ್ತಾರಾ ಸಿಸ್ಟರೇ? ಅಷ್ಟು ದೂರ ಇರುವವನು, ಒಬ್ಬನೇ. ಎದೆ ಒಡೆದು ಹೋದೀತು."

"ಹಾಗಾದರೆ ಅವನು ಒಪ್ಪಿಗೆ ಕೊಡುವುದು ಹೇಗೆ?"

"ಮುಂದಿನ ಶುಕ್ರವಾರ ನೋಡುವ" ಎಂದರು.

ಆಗ ನನಗೆ ಈ ಪದ್ಧತಿಯ ತಿರುಳು ಸರಿಯಾಗಿ ತಿಳಿಯಿತು. ಅವನ ಒಪ್ಪಿಗೆ ಇಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡಬಾರದು. ಆದರೆ ಅವನಿಗೆ ಏನೂ ತಿಳಿಯಕೂಡದು. ಬಾರದ ಬಸ್ಸಿಗೆ ಎಲ್ಲರೂ ನಿಷ್ಠೆಯಿಂದ ಕಾಯುತ್ತಿದ್ದರು. ಆ ಒಕ್ಕಲು ಮನೆಯ ಸೊಸೆ ಶುಕ್ರವಾರದ ತನಕ ಬದುಕಿದ್ದರೂ ಫೋನಿನಲ್ಲಿ ಸುಖವಾಗಿಯೇ ಇರುತ್ತಿದ್ದಳು. ಆ ವಾರ ದಿನಾ ಅವಳನ್ನು ನೋಡಲು ಹೋದೆ. ಉಪ್ಪು ಕಡಿಮೆ ಮಾಡಿ ಎಂದು ಹೇಳುವುದಕ್ಕಲ್ಲ, ಇವತ್ತಾದರೂ ಹೊರಡುವ ಎಂದು ಹೇಳುವುದಕ್ಕೆ.

ಬುಧವಾರ ಹೋದಾಗ ಅವಳು ಕಿಟಕಿಯ ಬಾಗಿಲು ಹಾಕಿ ಮಲಗಿದ್ದಳು. ತಲೆ ಒಡೆದುಹೋಗುವ ನೋವು ಎಂದಳು. "ಕಣ್ಣ ಮುಂದೆ ಮಿಂಚುಹುಳ ಹಾರಿದ ಹಾಗೆ ಆಗ್ತದೆ ನರ್ಸಕ್ಕ." ಬಿಪಿ ನೋಡಿದೆ, ಇನ್ನೂ ಮೇಲೇರಿತ್ತು. ಪಟ್ಟಿ ಬಿಚ್ಚಿದೆ. ಉಮ್ಮ ಎಂದಿನಂತೆ ಅವರನ್ನು ಕೇಳಿ ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ನನ್ನ ದನಿ ಕೇಳಿ ಮಾಮಿ ಸಂಕ ದಾಟಿ ಬಂದು ಹೊಸ್ತಿಲಲ್ಲಿ ನಿಂತಿದ್ದರು. ನಾನು ಇಬ್ಬರನ್ನೂ ಬಿಟ್ಟು ಹುಡುಗಿಯ ಹತ್ತಿರ ಕೂತೆ.

"ನಿನ್ನನ್ನು ಕೇಳ್ತೇನೆ ಮಗಾ. ಇಲ್ಲಿದ್ದರೆ ನಿನಗೆ ಫಿಟ್ಸ್ ಬರಬಹುದು. ಬಂದರೆ ನನ್ನ ಚೀಲದಲ್ಲಿ ಅದಕ್ಕೆ ಮದ್ದಿಲ್ಲ. ಆಸ್ಪತ್ರೆಗೆ ಹೋಗುವಾ?"

ಅವಳು ನನ್ನ ಮುಖ ನೋಡಿದಳು. ಅವಳನ್ನು ಯಾರೂ ಕೇಳಿರಲಿಲ್ಲ. ಎರಡು ಮನೆಯವರನ್ನು ಕೇಳಿಯಾಗಿತ್ತು, ಕಡಲಾಚೆಯವನನ್ನು ಕೇಳುವ ನಾಟಕವೂ ಆಗಿತ್ತು. ನೋವು ತಿನ್ನುತ್ತಿದ್ದವಳನ್ನು ಕೇಳಿದ್ದು ಅದೇ ಮೊದಲು.

"ಹೋಗುವ" ಎಂದಳು.

ನಾನು ಎದ್ದೆ. ಅಂಗಡಿಯ ಹತ್ತಿರ ನಿಲ್ಲುತ್ತಿದ್ದ ಬಾಡಿಗೆ ಜೀಪನ್ನು ಕರೆಸಿದೆ. ಮಾಮಿ ಹೊಸ್ತಿಲಿಗೆ ಅಡ್ಡ ನಿಂತವರು ಕದಲಲಿಲ್ಲ. "ಸಿಸ್ಟರೇ, ಶುಕ್ರವಾರ ಅವನು ಕೇಳಿದರೆ ನಾನು ಎಂತ ಹೇಳುವುದು?" ಎನ್ನುವಾಗ ಅವರ ದನಿಯಲ್ಲಿ ಜಗಳವಿರಲಿಲ್ಲ, ಹೆದರಿಕೆಯಿತ್ತು. ನನಗೆ ಅದು ಕಂಡಿತು. ಕಂಡರೂ ಮೆತ್ತಗಾಗಲಿಲ್ಲ.

"ನೀವು ಎಂತದೂ ಹೇಳ್ಬೇಡಿ. ಶುಕ್ರವಾರ ನಾನೇ ಬಂದು ಹೇಳ್ತೇನೆ. ಈಗ ದಾರಿ ಬಿಡಿ ಮಾಮಿ. ಬಿಡದಿದ್ದರೆ ನಿಮ್ಮನ್ನೂ ಎತ್ತಿ ಜೀಪಿನಲ್ಲಿ ಹಾಕಿ ಕರ್ಕೊಂಡು ಹೋಗ್ತೇನೆ."

ಅವರು ದಾರಿ ಬಿಟ್ಟರು. ಉಮ್ಮ ಬುರ್ಖಾ ಹಾಕಿಕೊಳ್ಳುತ್ತಾ ಓಡಿಬಂದು ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಬೆಳ್ತಂಗಡಿಯಲ್ಲಿ ಡಾಕ್ಟರಮ್ಮ ನೋಡಿದ ಕೂಡಲೇ ಒಂದು ಇಂಜೆಕ್ಷನ್ ಕೊಟ್ಟು, ಇಲ್ಲಿ ಇಟ್ಟುಕೊಳ್ಳುವುದು ಬೇಡ, ಮಂಗಳೂರಿಗೆ ಹೋಗಿ, ನಾನು ಅಲ್ಲಿಗೆ ಫೋನ್ ಮಾಡಿರ್ತೇನೆ ಎಂದರು. ಅದೇ ಜೀಪಿನಲ್ಲಿ ಮಂಗಳೂರು ಮುಟ್ಟುವ ತನಕ ನಾನು ಅವಳ ಕೈ ಹಿಡಿದು ಒಂದೇ ಸಮನೆ ಮಾತಾಡಿಸುತ್ತಿದ್ದೆ. ಮಾತು ನಿಂತರೆ ನನಗೆ ಭಯ. ಏನು ಮಾತಾಡುವುದೆಂದು ತೋಚದೆ ಅಣ್ಣ ತಂದ ಕತ್ತರಿಯ ಕಥೆ ಹೇಳಿದೆ. ಆ ನೋವಿನಲ್ಲೂ ಅವಳು ಸ್ವಲ್ಪ ನಕ್ಕಳು.

ಮಂಗಳೂರಿನಲ್ಲಿ ಬಾಗಿಲಲ್ಲೇ ಸ್ಟ್ರೆಚರ್ ಕಾಯುತ್ತಿತ್ತು. ಕೂಡಲೇ ಆಪರೇಷನ್ ಎಂದರು. ಒಪ್ಪಿಗೆಯ ಸಹಿ ಬೇಕಲ್ಲ. ಗಂಡ ಎಲ್ಲಿ ಎಂದು ಕೇಳಿದರು, ಗಂಡ ಗಲ್ಫಿನಲ್ಲಿ. ತಾಯಿಯ ಕೈಗೆ ಪೆನ್ನು ಕೊಟ್ಟರು. ಉಮ್ಮ ಅದನ್ನು ಹಾವು ಹಿಡಿದ ಹಾಗೆ ಹಿಡಿದು ನನ್ನತ್ತ ನೋಡಿದರು. "ಅವಳು ದೊಡ್ಡವಳು, ಎಚ್ಚರ ಉಂಟು. ಅವಳೇ ಹಾಕಲಿ" ಎಂದೆ. ಅಲ್ಲಿನ ಡಾಕ್ಟರು ತಲೆಯಾಡಿಸಿದರು. ಏಳನೇ ಕ್ಲಾಸಿನ ತನಕ ಓದಿದ್ದ ಹುಡುಗಿ ಮಲಗಿದಲ್ಲೇ ತನ್ನ ಹೆಸರನ್ನು ಕನ್ನಡದಲ್ಲಿ ಒಂದೊಂದೇ ಅಕ್ಷರವಾಗಿ ಬರೆದಳು. ಅವಳನ್ನು ಒಳಗೆ ತಳ್ಳಿಕೊಂಡು ಹೋಗುವಾಗಲೇ ಫಿಟ್ಸ್ ಬಂತು. ಬಂದದ್ದು ಆಸ್ಪತ್ರೆಯೊಳಗೆ, ಮದ್ದು ಇದ್ದಲ್ಲಿ, ಡಾಕ್ಟರುಗಳ ಕೈಯಲ್ಲಿ. ಇದನ್ನು ನಾನು ಇವತ್ತಿಗೂ ಜಂಬದಿಂದಲೇ ಹೇಳುತ್ತೇನೆ. ನರ್ಸಿಗೆ ಜಂಬ ಇರಬಾರದು ಎಂದು ಯಾರಾದರೂ ಹೇಳಿದರೆ ಅವರು ಒಮ್ಮೆ ಆ ಗುಡ್ಡ ಹತ್ತಿ ಬರಲಿ.

ಹೆಣ್ಣು ಮಗು. ಅಂಗೈಯಗಲದ ಮುಖ, ಬೆಕ್ಕಿನಮರಿಯ ಹಾಗೆ ಅಳು. ತಾಯಿಗೆ ಮರುದಿನ ಸಂಜೆ ಸರಿಯಾಗಿ ಎಚ್ಚರವಾಯಿತು. ಉಮ್ಮನನ್ನು ಅಲ್ಲಿ ಬಿಟ್ಟು ನಾನು ಬಸ್ಸು ಹತ್ತಿದೆ, ಏಕೆಂದರೆ ಶುಕ್ರವಾರ ಬಂದಿತ್ತು.

ಚಾವಡಿಯಲ್ಲಿ ಆ ದಿನ ಎಂದಿಗಿಂತ ಹೆಚ್ಚು ಜನ. ಅಡಗಿಸಿಟ್ಟ ಸುದ್ದಿಗೆ ಕಾಲು ಹೆಚ್ಚಲ್ಲವೇ. ಫೋನು ಹೊಡೆದುಕೊಂಡಿತು. ಮಾಮಿ ಎತ್ತಿ "ಸುಖ ಮಗಾ" ಎಂದುಬಿಟ್ಟರು, ಅಭ್ಯಾಸ ಹಾಗೆ. ನಾನು ಕೈ ಚಾಚಿದೆ. ಅವರು ಒಂದು ಕ್ಷಣ ರಿಸೀವರನ್ನು ಎದೆಗೆ ಒತ್ತಿಕೊಂಡರು, ಆಮೇಲೆ ಕೊಟ್ಟರು.

"ನಾನು ಇಲ್ಲಿನ ನರ್ಸ್ ಮಾತಾಡುವುದು" ಎಂದೆ. ನನ್ನ ದನಿ ಕಡಲಾಚೆ ಹೋಗಿ ನನಗೇ ವಾಪಸು ಕೇಳುತ್ತಿತ್ತು. "ಸುಖ ಅಲ್ಲ. ನಿಮ್ಮ ಹೆಂಡತಿಗೆ ಬಿಪಿ ಏರಿ ಫಿಟ್ಸ್ ಬಂದಿತ್ತು. ಆಪರೇಷನ್ ಆಗಿದೆ. ಹೆಣ್ಣು ಮಗು. ಈಗ ಇಬ್ಬರಿಗೂ ಜೀವಭಯ ಇಲ್ಲ. ನಿಮ್ಮನ್ನು ಕೇಳದೆ ಕರ್ಕೊಂಡು ಹೋದದ್ದು ನಾನು. ಬೈಯುವುದಿದ್ದರೆ ನನಗೇ ಬೈಯಿರಿ, ನಿಮ್ಮ ತಾಯಿಗೆ ಬೇಡ."

ಲೈನಿನ ಸದ್ದಿನ ನಡುವೆ ಅವನು ಅಳುತ್ತಿರುವುದು ಕೇಳಿತು.

"ನನಗೆ ಯಾಕೆ ಯಾರೂ ಹೇಳ್ಲಿಲ್ಲ ಸಿಸ್ಟರೇ?" ಎಂದ. "ನಾನು ಬೇಡ ಅಂತ ಹೇಳಿದ್ದುಂಟಾ? ನನ್ನನ್ನು ಕೇಳಿದ್ದೇ ಇಲ್ಲವಲ್ಲ. ಇಲ್ಲಿ ಸಾಲು ನಿಂತು ನಿಂತು ಫೋನ್ ಮಾಡುವುದು ಸುಖ ಅಂತ ಕೇಳ್ಲಿಕ್ಕಾ?"

ರಿಸೀವರನ್ನು ಮಾಮಿಯ ಕಿವಿಗೆ ಹಿಡಿದೆ. ಮಗನ ಅಳುವನ್ನು ಅವರೇ ಕೇಳಲಿ ಎಂದು. ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಎನ್ನುತ್ತಾರೆ. ಇಲ್ಲಿ ಪೂಜಾರಿ ದೇವರ ಹತ್ತಿರ ವಿಷಯ ಎತ್ತಿರಲೇ ಇಲ್ಲ. ಮಾಮಿ ಬೆಂಚಿನ ಮೇಲೆ ಕುಸಿದು ಕೂತರು. "ಅವನ ಎದೆ ಒಡೀಬಾರದು ಅಂತ ಅಲ್ವಾ ನಾನು..." ಎಂದು ಯಾರಿಗೋ ಹೇಳುವ ಹಾಗೆ ಹೇಳುತ್ತಿದ್ದರು. ನನಗೆ ನನ್ನ ಅಮ್ಮನ ನೆನಪಾಯಿತು. ಮಾಮಿಯ ಸಂಕಟ ನನಗೆ ಅರ್ಥವಾಗಲಿಲ್ಲ ಎಂದಲ್ಲ. ಆದರೆ ಅರ್ಥವಾದ ಕೂಡಲೇ ಸಿಟ್ಟು ಹೋಗಬೇಕೆಂದು ಎಲ್ಲೂ ಬರೆದಿಲ್ಲ.

ಅಂದಿನಿಂದ ನಾನು ಶುಕ್ರವಾರ ಮಧ್ಯಾಹ್ನ ಫೋನಿದ್ದ ಮನೆಗಳಿಗೆ ಹೋಗತೊಡಗಿದೆ. ಬಸುರಿ ಇದ್ದ ಮನೆಯಲ್ಲಿ ಫೋನ್ ಬಂದರೆ ನನಗೂ ಒಂದು ಸರದಿ. ಬ್ಯಾರಿಗಳ ಮನೆ, ಒಕ್ಕಲು ಮನೆ, ಎಲ್ಲ ಕಡೆ ಒಂದೇ ನಿಯಮ. ಇಲಾಖೆಯ ಮೇಲಿನವರೊಬ್ಬರು ಕರೆಸಿ, "ಅವರವರ ಮನೆ ವಿಷಯಕ್ಕೆ ನೀವು ತಲೆ ಹಾಕುವುದು ಯಾಕೆ? ಅದರಲ್ಲೂ ಅವರ ಮನೆಗಳಿಗೆ? ನಾಳೆ ಗಲಾಟೆ ಆದರೆ?" ಎಂದರು. ಆದರೆ ಆಗಲಿ ಎಂದೆ. ಹೆಣ ಎತ್ತುವಾಗ ಆಗದ ಗಲಾಟೆ ಫೋನ್ ಎತ್ತುವಾಗ ಆಗುತ್ತದೆಯೇ ಎಂದು ಕೇಳಿದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಗಲಾಟೆಯೂ ಆಗಲಿಲ್ಲ. ಆ ಮನೆಗಳಲ್ಲಿ ನನಗೆ ಸಿಕ್ಕಿದ್ದು ಬೈಗುಳ ಸ್ವಲ್ಪ, ಪತ್ತಿರಿ ರೊಟ್ಟಿ ಬಹಳ.

ಮುಂದೆ ನನ್ನ ಬಾಡಿಗೆ ಕೋಣೆಗೂ ಫೋನು ಬಂತು. ಆಗ ಹೆಂಗಸರೇ ಮಾಡತೊಡಗಿದರು. ಮಗುವಿಗೆ ಕೆಮ್ಮು ಎಂದರೆ, "ಮಗುವನ್ನು ಫೋನಿನ ಹತ್ತಿರ ಹಿಡಿ, ನೀನು ಮಾತಾಡಬೇಡ" ಎನ್ನುತ್ತಿದ್ದೆ. ಉಸಿರಿನ ಸದ್ದು ಕೇಳುತ್ತಿತ್ತು. ಎದೆಯ ಗುಂಡಿ ಒಳಗೆ ಎಳೆಯುತ್ತದಾ ನೋಡು, ಹಾಲು ಕುಡಿಯುತ್ತದಾ ಹೇಳು. ಕಣ್ಣು ಅವರದ್ದು, ಕಿವಿ ನನ್ನದು. ಫೋನಿನಲ್ಲಿ ನಾನು ಮದ್ದಿನ ಹೆಸರು ಹೇಳುತ್ತಿದ್ದದ್ದು ಕಡಿಮೆ. ಹೇಳುತ್ತಿದ್ದದ್ದು ಹೆಚ್ಚಾಗಿ ಒಂದೇ ಮಾತು, ಹೊರಡು. ಗಂಡನನ್ನು ಕೇಳಿ ಹೊರಡುವ ಎಂದರೆ, ಹೊರಟು ಹೇಳು ಎನ್ನುತ್ತಿದ್ದೆ.

ಎರಡು ಸಾವಿರದ ನಂತರ ನನಗೆ ಬಂಟ್ವಾಳ ತಾಲೂಕಿಗೆ, ಕನ್ಯಾನದ ಕಡೆಗೆ ವರ್ಗವಾಯಿತು. ಅಷ್ಟರಲ್ಲಿ ಕೈಕೈಗೆ ಮೊಬೈಲು ಬರತೊಡಗಿತ್ತು. ಒಂದು ಬೆಳಿಗ್ಗೆ ಅಂಗನವಾಡಿಯಲ್ಲಿ ಮಕ್ಕಳನ್ನು ತೂಗುತ್ತಿದ್ದಾಗ ನನ್ನದು ಹೊಡೆದುಕೊಂಡಿತು. ಅದೇ ಹುಡುಗಿ. ಆ ಹೆಣ್ಣು ಮಗು ಶಾಲೆಗೆ ಹೋಗುವಷ್ಟು ದೊಡ್ಡದಾಗಿತ್ತು, ಇವಳು ಮತ್ತೆ ಬಸುರಿ. ಆ ದಿನವೇ ಗಂಡು ಮಗು ಹುಟ್ಟಿತು, ಆಮೇಲೆ ತಾಯಿ ಮಗು ಇಬ್ಬರೂ ಸುಸೂತ್ರವಾಗಿ ಮನೆಗೆ ಬಂದರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಬರೆಯಬೇಕಾದದ್ದು ಆ ಫೋನಿನ ಬಗ್ಗೆ. ಹಿಂದೆ ಜೀಪಿನ ಗಡಗಡ ಸದ್ದು ಕೇಳುತ್ತಿತ್ತು.

"ನರ್ಸಕ್ಕ, ನಾನು. ನಿನ್ನೆಯಿಂದ ಮುಖ ಊದಿದೆ, ತಲೆನೋವು ಉಂಟು. ಲಾಯಿಲ ದಾಟಿದೆವು, ಆಸ್ಪತ್ರೆಗೆ ಹೋಗ್ತಾ ಇದ್ದೇನೆ."

"ಗಂಡನಿಗೆ ಹೇಳಿದ್ದೀಯಾ?" ನನ್ನ ಬಾಯಿಂದಲೇ ಬಂತು ಆ ಪ್ರಶ್ನೆ.

"ಜೀಪು ಹತ್ತಿದ ಮೇಲೆ ಹೇಳಿದೆ."

"ಸರಿ. ಈಗ ನನ್ನನ್ನು ಎಂತ ಕೇಳ್ಲಿಕ್ಕೆ ಫೋನ್ ಮಾಡಿದ್ದು?"

"ಕೇಳ್ಲಿಕ್ಕೆ ಅಲ್ಲ, ಹೇಳ್ಲಿಕ್ಕೆ" ಎಂದಳು.

ಅಷ್ಟರಲ್ಲಿ ಯಾರೋ ಅವಳ ಕೈಯಿಂದ ಮೊಬೈಲು ಕಸಿದುಕೊಂಡ ಸದ್ದಾಯಿತು. ಮಾಮಿ. ಅಷ್ಟು ಸಣ್ಣ ವಸ್ತುವಿನಲ್ಲಿ ಅಷ್ಟು ದೂರ ಕೇಳೀತೇ ಎಂಬ ಅನುಮಾನದಿಂದ ಅವರು ಗಂಟಲು ಹರಿಯುವ ಹಾಗೆ ಕೂಗಿದರು.

"ಸಿಸ್ಟರೇ, ಸುಖ ಇಲ್ಲ! ಅವನಿಗೂ ಹಾಗೇ ಹೇಳಿದ್ದೇನೆ!"

"ಒಳ್ಳೆಯದಾಯ್ತು ಮಾಮಿ" ಎಂದೆ.